ಹಾಲಡಿ ಸಾಹೇಬನ ತಲೆ

"ಕಲ್ಲ ಒಡೀಬೇಕಂದ್ರ ಹಾಡಹಗಲ ಮಂದಿ ಮುಂದ ನಿಂತ ಒಡೀತೇನಿ. ಸತ್ತವನ ತಲಿ ಕದಿಯೂ ಮನಶ್ಯಾ ನಾ ಅಲ್ಲ."

ಬೀರಸಿದ್ದಪ್ಪ ಇಷ್ಟು ಹೇಳಿ ಎಲೆಯಡಿಕೆಯ ರಸವನ್ನು ಫೌಜದಾರ ಗುಡ್ಡಪ್ಪನ ಬೂಟಿನ ಪಕ್ಕಕ್ಕೆ ಉಗುಳಿದ. ಬೂಟಿಗೆ ಸಿಡಿಯಲಿಲ್ಲ. ಮನಸ್ಸು ಮಾಡಿದ್ದರೆ ಸಿಡಿಸುತ್ತಿದ್ದೆ ಎಂದು ತೋರಿಸಿಕೊಡುವಷ್ಟು ಹತ್ತಿರ ಬಿತ್ತು.

ಗೋಕಾಕ ರೋಡ್ ಸ್ಟೇಶನ್ನಿನ ಮುಂದಿನ ಬೇವಿನ ಮರದ ಕೆಳಗೆ ಹಳಿ ಕೆಲಸದವರ ಗುಂಪು ಕುಕ್ಕರುಗಾಲಲ್ಲಿ ಕೂತಿತ್ತು. ಬೀರಸಿದ್ದಪ್ಪ ಆ ಗುಂಪಿನ ಮುಕಾದಮ. ಫೌಜದಾರ ಬಂದನೆಂದು ಒಬ್ಬನೂ ಎದ್ದಿರಲಿಲ್ಲ.

ಅವರ ಎದುರಿಗೆ ಹೊಸದಾಗಿ ಕಟ್ಟಿದ ಕರಿಕಲ್ಲಿನ ಕಟ್ಟೆ, ಅದರ ಮೇಲೆ ಬಟ್ಟೆ ಹೊದಿಸಿದ ಶಿಲಾಫಲಕ. ಎಪ್ಪತ್ತು ವರ್ಷದ ಹಿಂದೆ ಈ ಸೀಮೆಗೆ ರೈಲು ತಂದ ಎಂಜಿನಿಯರ್ ಹ್ಯಾಲಿಡೇ ಸಾಹೇಬನ ಸ್ಮಾರಕ ಅದು. ಜನರ ಬಾಯಲ್ಲಿ ಅವನು ಹಾಲಡಿ ಸಾಹೇಬ. ಬರುವ ರವಿವಾರ ಉದ್ಘಾಟನೆ. ಆದರೆ ಕಟ್ಟೆಯ ಕೆಳಗಿಡಲೆಂದು ಹಳೆಯ ಗೋರಿಯಿಂದ ತೆಗೆದು ಸ್ಟೇಶನ್ನಿನ ಗೋದಾಮದಲ್ಲಿ ಬೀಗ ಹಾಕಿ ಇಟ್ಟಿದ್ದ ಸಾಹೇಬನ ಎಲುಬಿನ ಪೆಟ್ಟಿಗೆಯಲ್ಲಿ ತಲೆಬುರುಡೆ ಇರಲಿಲ್ಲ; ಸಾಹೇಬನ ಮೂರ್ತಿ ಮಾಡುತ್ತಿದ್ದ ಗೋಕಾಕದ ಗೊಂಬೆಗಾರ ವೀರಪ್ಪ ತಲೆ ಒಡೆದು ದವಾಖಾನೆಯಲ್ಲಿ ಎಚ್ಚರವಿಲ್ಲದೆ ಮಲಗಿದ್ದ.

"ಹಂಗಾರ ಕಲ್ಲ ಒಡೀತೇನಿ ಅಂತ ಸಂತ್ಯಾಗ ಒದರಿದ್ದು ಯಾಕ?" ಗುಡ್ಡಪ್ಪ ಕೇಳಿದ.

"ಒದರಿದ್ನಿ. ಇನ್ನೂ ಒದರ್ತೇನಿ. ಹೊಳ್ಯಾಗ ಸೇತುವಿ ಕಂಬ ಎಬ್ಬಸೂ ಮುಂದ ಪಾಯಾ ಕುಸದು ನಮ್ಮ ಮುತ್ಯಾ ಮಣ್ಣಾಗ ಹೋದ. ಅವನ ಜೋಡಿ ನಮ್ಮ ಓಣಿ ಅರ್ಧಾ ಹೋತು. ಹೆಣಾ ತಗಸ್ರಿ ಅಂದ್ರ, ಮಳಿ ಬರೂದ್ರೊಳಗ ಕಂಬ ಏಳಬೇಕು ಅಂದ ನಿಮ್ಮ ಸಾಹೇಬ. ಹೆಣದ ಮ್ಯಾಲೇ ಕಟ್ಟಿದ್ರು. ಅವರ ಹೆಸರ ಯಾವ ಕಲ್ಲಿನ ಮ್ಯಾಲೆ ಐತಿ, ತೋರಸ್ರಿ ನೋಡೋಣು."

ಗುಡ್ಡಪ್ಪನ ಕಣ್ಣು ಬಟ್ಟೆ ಹೊದಿಸಿದ ಶಿಲಾಫಲಕದ ಕಡೆಗೆ ಹೋಯಿತು.

ಅವನು ಕೇಳಿ ಬೆಳೆದ ಹಾಲಡಿ ಸಾಹೇಬ ಬೇರೆಯವನಾಗಿದ್ದ. ಅಂಕಲಗಿಯಲ್ಲಿ ಗುಡ್ಡಪ್ಪನ ಕೇರಿಯವರನ್ನು ಊರ ಬಾವಿಯ ಹತ್ತಿರ ಸುಳಿಯಲೂ ಬಿಡದ ಕಾಲದಲ್ಲಿ, ಇದೇ ಸಾಹೇಬ ಬಂಡೆ ಒಡೆಯುವ ಮದ್ದು ತರಿಸಿ ಕೇರಿಗೇ ಒಂದು ಬಾವಿ ತೆಗೆಸಿಕೊಟ್ಟಿದ್ದ. ಬರಗಾಲದಲ್ಲಿ ಹಳಿಯ ಕೆಲಸಕ್ಕೆ ಬಂದವರಿಗೆ ಜಾತಿ ಕೇಳದೆ ಜೋಳ ಅಳೆಸಿದ್ದ. ಹೋದ ವರ್ಷ ಗುಡ್ಡಪ್ಪನ ಮನೆಯವರೆಲ್ಲ ಬೌದ್ಧರಾದಾಗ ಗೋಡೆಯ ಮೇಲಿನ ದೇವರ ಪಟಗಳು ಇಳಿದವು. ಬಾವಿಕಟ್ಟೆಯ ಮೇಲೆ ಅವ್ವ ಕಾಡವ್ವ ಸಾಹೇಬನ ಹೆಸರಲ್ಲಿ ಹಚ್ಚುವ ದೀಪ ಮಾತ್ರ ನಿಲ್ಲಲಿಲ್ಲ.

"ಕಲ್ಲೇನ ನೋಡ್ತೀರಿ," ಎಂದ ಬೀರಸಿದ್ದಪ್ಪ. "ನಿಮ್ಮ ಕೇರಿಗಿ ನೀರ ಕೊಟ್ಟಾನಂತ. ನಮ್ಮ ಓಣಿಗಿ ಮಣ್ಣ ಕೊಟ್ಟ. ನಿಮ್ಮ ಜೋಡಿ ನಂದೇನ ಮಾತು?"

ಅವನು ಬೆನ್ನು ತಿರುಗಿಸಿ ಕೂತ. ಉಳಿದವರೂ ತಿರುಗಿದರು.

ಜಮಾದಾರ ಹಾಜಿಮಲಂಗ ಫೌಜದಾರನನ್ನು ಬದಿಗೆ ಕರೆದ. ಇಲಾಖೆಯಲ್ಲಿ ಕೂದಲು ಹಣ್ಣಾದ ಮನುಷ್ಯ. ಗೋಕಾಕಕ್ಕೆ ಬಂದ ಮೇಲೆ ಗುಡ್ಡಪ್ಪನಿಗೆ ಎದುರು ಕೂತು ಚಹಾ ಕುಡಿದ ಮೊದಲಿಗ.

"ಇಂವ ಅಲ್ರಿ ಸಾಹೇಬ್ರ. ವೀರಪ್ಪಗ ಪೆಟ್ಟ ಬಿದ್ದ ದಿನಾ ಇಂವ ಮೂಡಲಗ್ಯಾಗ ಎತ್ತ ಕೊಳ್ಳಾಕತ್ತಿದ್ದ. ದಲಾಲಿ, ಎತ್ತ ಮಾರಿದಾಂವ, ಖಾನಾವಳಿಯಾಂವ, ಎಲ್ಲಾರ್ನೂ ಕೇಳಿ ಬಂದೇನಿ."

"ಗೊತ್ತೈತಿ ಮಲಂಗಸಾಬ. ಗೋದಾಮದ ಬೀಗಾನೂ ಒಡದಿಲ್ಲ, ಕೀಲಿ ಹಾಕಿ ತಗದಾರ. ಕೀಲಿ ಇರೂದು ಸ್ಮಾರಕ ಸಮಿತಿ ಅಧ್ಯಕ್ಷರ ಕಡೆ."

"ಮತ್ತ ಇಲ್ಲಿ ಉಗಳಿಸಿಕೊಳ್ಳಾಕ ಯಾಕ ಬಂದಿವ್ರಿ?"

"ಅಧ್ಯಕ್ಷರು ದಿನಾ ಆಳ ಕಳಿಸಿ ಬೀರಸಿದ್ದಪ್ಪನ್ನ ಯಾಕ ಹಿಡದಿಲ್ಲ ಅಂತ ಕೇಳಸ್ತಾರಲ್ಲ, ಅದಕ್ಕ. ಅಷ್ಟ ಅವಸರ ಇದ್ದವರು ತಾವs ಯಾಕ ಬಂದ ಹೇಳವಲ್ಲರು?"

ಅಧ್ಯಕ್ಷರಾದ ಹುಕ್ಕೇರಿಯ ವಾಡೆಯ ಭೀಮರಾಯ ಇನಾಮದಾರರು ಗುಡ್ಡಪ್ಪನಂಥವನ ಜೊತೆ ನೇರ ಮಾತಾಡುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

* * *

ಗೋಕಾಕದ ಚಿತ್ರಗಾರರ ಓಣಿಯಲ್ಲಿ ವೀರಪ್ಪನ ಹೆಂಡತಿ ಕೆಂಚವ್ವ ಬಾಗಿಲಿಗೆ ಅಡ್ಡ ನಿಂತಳು. ದವಾಖಾನೆಯಲ್ಲಿ ಮೈದುನನನ್ನು ಕೂಡಿಸಿ, ಗಂಜಿ ಕಾಸಿ ಒಯ್ಯಲು ಮನೆಗೆ ಬಂದಿದ್ದಳು.

"ಮತ್ತೇನ ಒದೀಯಾಕ ಬಂದೀರಿ? ಒದಿಯೂದು ಉಳದದ್ದು ನಾ ಒಬ್ಬಾಕಿ."

ಅವಳ ಹಿಂದೆ ಪಡಸಾಲೆಯ ತುಂಬ ಒಡೆದ ಗೊಂಬೆಗಳು. ಕೊಕ್ಕು ಮುರಿದ ಮರದ ಗಿಳಿಗಳು, ಬಣ್ಣ ಹಚ್ಚುವ ಮೊದಲೇ ಚೂರಾದ ಮಣ್ಣಿನ ಸೀತಾಫಲ, ಬಾಳೆಹಣ್ಣು. ಮೊದಲ ದಿನ ಬುರುಡೆ ಹುಡುಕಲು ಬಂದ ಪೊಲೀಸರ ಕೆಲಸ.

"ಅದು ತಪ್ಪಾತು," ಎಂದ ಗುಡ್ಡಪ್ಪ. "ನಾ ತಲಿ ಹುಡುಕಾಕ ಬಂದಿಲ್ಲವ್ವ. ನಿನ್ನ ಗಂಡನ್ನ ಹೊಡದವರನ್ನ ಹುಡುಕಾಕ ಬಂದೇನಿ."

"ಹುಡುಕಿ? ಆರತಿ ಎತ್ತತೀರೇನು? ಅಂವ ಅಲ್ಲಿ ಒಬ್ಬಾಂವ ಬಿದ್ದಾನ. ಬಾಗಲಾಗ ಒಬ್ಬ ಪೊಲೀಸ ಇಲ್ಲ. ಕಣ್ಣ ತಗದ್ರ ಯಾರ ಹೊಡದ್ರಂತ ಹೇಳ್ತಾನ. ಹೊಡದವರಿಗಿ ಇದು ಗೊತ್ತಿಲ್ಲೇನು? ನಿಮಗಷ್ಟ ಗೊತ್ತಿಲ್ಲ."

ಗುಡ್ಡಪ್ಪ ಹಾಜಿಮಲಂಗನ ಕಡೆ ತಿರುಗಿದ. "ಮಲಂಗಸಾಬ, ನೀವs ಹೋಗಿ ಅಂವನ ಕಾಟಿನ ಹತ್ರ ಕುಂದರ್ರಿ. ಡಾಕ್ಟರ್ ಬಿಟ್ರ ಯಾರನ್ನೂ ಬಿಡಬ್ಯಾಡ್ರಿ. ಯಾರ ಹುಕುಂ ಬಂದ್ರೂ ಏಳಬ್ಯಾಡ್ರಿ."

"ಮತ್ತ ನೀವು ಹುಕ್ಕೇರಿಗಿ ಒಬ್ಬರs ಹೊಕ್ಕೀರೇನ್ರಿ?"

"ಒಬ್ಬನs ಹೋಗ್ತೇನಿ."

ಹಾಜಿಮಲಂಗ ಟೋಪಿ ಸರಿಮಾಡಿಕೊಂಡು ಹೊರಟ. ಅವನು ಓಣಿಯ ತಿರುವು ದಾಟುವತನಕ ನೋಡಿ ಕೆಂಚವ್ವ ಬಾಗಿಲಿನಿಂದ ಸರಿದಳು.

ಮೂಲೆಯಲ್ಲಿ ಸಾಹೇಬನ ಮೂರ್ತಿ ನಿಂತಿತ್ತು. ಟೊಪ್ಪಿಗೆ, ಕೋಟು, ಕೋಟಿನ ಗುಂಡಿಗಳು, ಎದೆಯ ಮೇಲಿನ ಗಡಿಯಾರದ ಸರಪಳಿ, ಎಲ್ಲ ಕೆತ್ತಿ ಮುಗಿದಿತ್ತು. ಮುಖದ ಜಾಗದಲ್ಲಿ ಮಾತ್ರ ಉಳಿ ತಾಗದ ಬೋಳು ಕಟ್ಟಿಗೆ.

"ಮಾರಿ ಯಾಕ ಬಿಟ್ಟಾನ?"

"ಯಾರ ಮಾರಿ ಮಾಡಬೇಕು?" ಕೆಂಚವ್ವ ಕೆರಳಿದಳು. "ಸಾಹೇಬಂದು ಇದ್ದದ್ದು ಒಂದs ಫೋಟೋ. ಅದರಾಗ ಟೊಪಗಿ ನೆರಳು ಅರ್ಧಾ ಮಾರಿ ನುಂಗೈತಿ. ಗಲ್ಲದ ಎಲುಬು, ದವಡಿ ಅಳತಿ ಸಿಕ್ರ ಮಾಡ್ತೇನ್ರಿ ಅಂತ ಇಂವs ಕೇಳಿ ಆ ತಲಿ ಮನಿಗಿ ತಂದ. ತಂದ ದಿನಾ ಊಟಾ ಬಿಟ್ಟ. ಹೆದರಿಕಿ ಬಂತೇನು ಅಂದ್ರ, 'ಕೆಂಚಿ, ಇದು ಸಾಹೇಬನ ತಲಿ ಅಲ್ಲ' ಅಂದ."

ಗುಡ್ಡಪ್ಪನಿಗೆ ಸರಿಯಾಗಿ ಕೇಳಿಸಿತೋ ಇಲ್ಲವೋ ಎನಿಸಿತು. "ಏನಂದ?"

"ಸಾಹೇಬನ ತಲಿ ಅಲ್ಲ ಅಂದ. ತಲಿ ಹೊಳ್ಳಿ ಪೆಟಗ್ಯಾಗ ಇಟ್ಟ. ಹಂಗs ವಾಡೇಕ ಹೋಗಿ ಇನಾಮದಾರಗ ಹೇಳಿ ಬಂದ, ಇದು ಬ್ಯಾರೆ ಯಾರದೋ ಐತ್ರಿ, ನಾ ಯಾರ ಮಾರಿ ಕೆತ್ತಲಿ ಅಂತ. ಮರದಿನಾ ಗೋಕಾಕ ಫಾಲ್ಸಿನ ದಾರ್ಯಾಗ ತಗ್ಗಿನ್ಯಾಗ ಸಿಕ್ಕ. ಹಿಂದಿಂದ ಹೊಡದಾರ."

"ಇದನ್ನ ಮೊದಲs ಯಾಕ ಹೇಳಲಿಲ್ಲ?"

"ಯಾರಿಗಿ ಹೇಳಬೇಕಿತ್ತು? ಗಿಳಿ ಒದಿಯೂವರಿಗೇನು?"

ಅವಳು ಒಳಗೆ ಹೋದಳು. ಮಣ್ಣಿನ ಹಣ್ಣು ಮಾಡುವ ಅಚ್ಚುಗಳು ಗೋಡೆಯ ಗೂಡಿನಲ್ಲಿ ಸಾಲಾಗಿದ್ದವು. ಮಾವಿನ ಅಚ್ಚು, ರಾಮಫಲದ ಅಚ್ಚು. ಅವುಗಳ ಹಿಂದೆ ಕೈ ಹಾಕಿ ಇನ್ನೊಂದನ್ನು ತೆಗೆದಳು. ಪೊಲೀಸರ ಕಣ್ಣಿಗೆ ಅದೂ ಒಂದು ಹಣ್ಣಿನ ಅಚ್ಚೇ ಆಗಿ ಕಂಡಿರಬೇಕು.

"ಮಾರಿ ಮಾಡಾಕ ಬೇಕಾಗ್ತೈತಿ ಅಂತ ಮೇಲಿನ ದವಡಿ ಅಚ್ಚ ಹಿಡಿದಿಟ್ಟಿದ್ದ."

ಹಸಿಮಣ್ಣಿನ ಮುದ್ದೆಯನ್ನು ಅದರೊಳಗೆ ಒತ್ತಿದಳು. ಹೆಬ್ಬೆರಳಿನಿಂದ ಅಂಚು ತೀಡಿದಳು. ಗಂಡನ ಮೇಲಿನ ಸಿಟ್ಟು, ಇನಾಮದಾರನ ಮೇಲಿನ ಸಿಟ್ಟು, ಎದುರಿಗೆ ಕೂತ ಫೌಜದಾರನ ಮೇಲಿನ ಸಿಟ್ಟು, ಎಲ್ಲ ಆ ಹೆಬ್ಬೆರಳಿನಲ್ಲೇ ಇದ್ದಂತಿತ್ತು. ಮೆಲ್ಲಗೆ ಅಚ್ಚು ಬಿಡಿಸಿ ಮಣ್ಣನ್ನು ಗುಡ್ಡಪ್ಪನ ಅಂಗೈಗೆ ಹಾಕಿದಳು.

ಒಂದು ಸಾಲು ಹಲ್ಲು.

ಸತ್ತವನೊಬ್ಬ ಅಂಗೈಯಲ್ಲಿ ಬಾಯಿ ತೆರೆದಂತಿತ್ತು. ಗುಡ್ಡಪ್ಪ ಅದನ್ನು ಬೆಳಕಿಗೆ ಹಿಡಿದ. ಮುಂದಿನ ಎರಡು ದೊಡ್ಡ ಹಲ್ಲುಗಳ ನಟ್ಟನಡುವೆ ಒಂದೊಂದು ಸಣ್ಣ ತೂತು. ಸೂಜಿಯಿಂದ ಚುಚ್ಚಿದಂತೆ ಗುಂಡಗೆ, ನೀಟಾಗಿ.

"ಹುಳುಕೇನಿದು?"

"ಹುಳುಕ ಹಿಂಗ ಅಳತಿ ಹಚ್ಚಿ ಬೀಳ್ತೈತೇನ್ರಿ? ಬಂಗಾರದ ಮೊಳಿ ಕೂಡಿಸಿದ ತೂತ ಅದು. ಹಿಂದಕ ದೊಡ್ಡ ಮನಿತನದವರು ಶೋಕಿಗಿ ಹಲ್ಲಿಗಿ ಬಂಗಾರದ ಚುಕ್ಕಿ ಇಡಸ್ತಿದ್ರಲ್ಲ, ಅದು. ಬಂಗಾರ ಯಾರೋ ಕಿತಗೊಂಡಾರ, ತೂತ ಉಳದೈತಿ. ಎಲಿಅಡಕಿ ತಿಂದು ಹಲ್ಲ ಕೆಂಪಗ ಆಗಿದ್ವಂತ." ಕೆಂಚವ್ವ ಕೈಯ ಮಣ್ಣನ್ನು ಸೀರೆಗೆ ಒರೆಸಿಕೊಂಡಳು. "ಯಾವ ಬಿಳಿ ಸಾಹೇಬ ಹಲ್ಲಿಗಿ ಬಂಗಾರ ಹೊಡಿಸ್ಯಾನ, ನೀವs ಹೇಳ್ರಿ."

ಗುಡ್ಡಪ್ಪ ಮಣ್ಣಿನ ಹಲ್ಲುಸಾಲನ್ನು ಕರವಸ್ತ್ರದಲ್ಲಿ ಸುತ್ತಿದ. ಅಚ್ಚನ್ನು ಠಾಣೆಯ ತಿಜೋರಿಯಲ್ಲಿಟ್ಟು ಕೀಲಿಯನ್ನು ಸೊಂಟಕ್ಕೆ ಕಟ್ಟಿಕೊಂಡು ಹುಕ್ಕೇರಿಯ ಮೋಟಾರು ಹತ್ತಿದ.

ದಾರಿಯುದ್ದಕ್ಕೂ ಅವನ ತಲೆಯಲ್ಲಿ ಪ್ರಶ್ನೆಗಳು. ಗೋರಿಯಲ್ಲಿ ಬೇರೆಯವನಿದ್ದರೆ ಸಾಹೇಬ ಎಲ್ಲಿ? ಅವ್ವ ದೀಪ ಹಚ್ಚುವುದು ಯಾರಿಗೆ?

* * *

ವಾಡೆಯ ದೊಡ್ಡ ಬಾಗಿಲ ಹೊರಗೆ ಒಂದು ಕಲ್ಲು ಹಾಸಿತ್ತು. ಹಿಂದೆ ಎರಡು ಸಲ ಬಂದಾಗಲೂ ಗುಡ್ಡಪ್ಪನನ್ನು ಅಲ್ಲೇ ಕೂಡಿಸಿದ್ದರು. ಇನಾಮದಾರರು ಒಳಗಿನ ಕಟ್ಟೆಯ ಮೇಲೆ ಗೋಡೆಗೆ ಮುಖ ಮಾಡಿ ಕೂತು ಏನೋ ಗೊಣಗುವುದು, ಕಾರಭಾರಿ ಸತ್ತೆಪ್ಪ ಅದನ್ನು ಹೊರಗೆ ಬಂದು ಹೇಳುವುದು. ಎರಡೂ ಸಲ ಗುಡ್ಡಪ್ಪ ನೋಡಿದ್ದು ಅವರ ಬೆನ್ನು, ರೇಶ್ಮೆ ರುಮಾಲು, ಅಷ್ಟೇ.

"ಅಲ್ಲೇ ಕುಂದರ್ರಿ ಫೌಜದಾರ," ಎಂದ ಸತ್ತೆಪ್ಪ. "ಧಣ್ಯಾರ ಕೇಳಾಕತ್ತಾರ, ಬೀರಸಿದ್ದಪ್ಪನ್ನ ಹಿಡದ್ರೇನು?"

"ಧಣ್ಯಾರಿಗಿ ಬಾಯಿ ಇಲ್ಲೇನು?"

ಗುಡ್ಡಪ್ಪ ಕಲ್ಲು ದಾಟಿ, ಹೊಸ್ತಿಲು ದಾಟಿ, ಅಂಗಳಕ್ಕೆ ಕಾಲಿಟ್ಟ. ಬೂಟಿನ ಸದ್ದಿಗೆ ಒಳಗೆಲ್ಲೋ ಭಾಂಡೆ ತೊಳೆಯುವ ಸದ್ದು ನಿಂತಿತು. ಲಾಯದ ಕಡೆಯಿಂದ ಇಬ್ಬರು ಆಳುಗಳು ಬಡಿಗೆ ಹಿಡಿದು ಬಂದು ನಿಂತರು.

"ಸತ್ತೆಪ್ಪಾ, ಅವಗ ಹೊರಗ ಹೋಗಂತ ಹೇಳು," ಎಂದರು ಭೀಮರಾಯರು, ಗೋಡೆಯ ಕಡೆಗೇ ನೋಡುತ್ತ.

"ಸತ್ತೆಪ್ಪ ಹೇಳೂದು ಬ್ಯಾಡ್ರಿ. ಜಾತಿ ನೋಡಿ ಬಾಗಲದಾಗ ನಿಂದರಸೂದಕ್ಕ ಈಗ ಕಾಯ್ದೆ ಬ್ಯಾರೆ ಐತಿ. ಆ ಕೇಸ ಆಮ್ಯಾಲೆ ಬರಕೊಳ್ಳೂಣು. ಮೊದಲ ಇದನ್ನ ನೋಡ್ರಿ."

ಕರವಸ್ತ್ರ ಬಿಚ್ಚಿ ಹಲ್ಲಿನ ಸಾಲನ್ನು ಕಟ್ಟೆಯ ಮೇಲೆ, ಅವರ ತಾಂಬೂಲದ ತಬಕಿನ ಪಕ್ಕಕ್ಕೆ ಇಟ್ಟ.

ಭೀಮರಾಯರು ಓರೆಗಣ್ಣಿನಿಂದ ನೋಡಿದರು. ಆದರೆ ಮಾತು ಹೊರಟದ್ದು ಸತ್ತೆಪ್ಪನ ಬಾಯಿಂದ. ಬಾಗಿ ನೋಡಿದ ಮುದುಕ ತನಗೆ ತಾನೇ ಎಂಬಂತೆ ಅಂದ:

"ಅಯ್ಯೋ, ಇದು ನಮ್ಮ ವಾಡೇದ ಮೊಳಿ ಅಲ್ಲೇನ್ರಿ ಧಣ್ಯಾರ? ಹಿರೇಮಗಗ ಮದಿವ್ಯಾಗ ಕೂಡಸೂದು..."

ಮುಂಗೈ ಬೀಸಿ ಬಂತು. ಏಟಿಗೆ ಸತ್ತೆಪ್ಪ ತಬಕಿನ ಸಮೇತ ಕೆಳಗುರುಳಿದ.

"ಮುಚ್ಚೋ ಬಾಯಿ!"

ಭೀಮರಾಯರು ಎದ್ದು ನಿಂತಿದ್ದರು. ಮೊದಲ ಬಾರಿಗೆ ಗುಡ್ಡಪ್ಪನಿಗೆ ಅವರ ಮುಖ ಎದುರಾಯಿತು. ದಪ್ಪ ಮೀಸೆ, ಬೂದು ಕಣ್ಣು, ಸಿಟ್ಟಿಗೆ ಹಿಂದೆ ಸರಿದ ಮೇಲ್ತುಟಿ. ತುಟಿಯ ಕೆಳಗೆ ಮುಂದಿನ ಎರಡು ಹಲ್ಲುಗಳ ನಟ್ಟನಡುವೆ ಒಂದೊಂದು ಬಂಗಾರದ ಚುಕ್ಕಿ ಬಿಸಿಲಿಗೆ ಮಿನುಗಿತು.

ಗುಡ್ಡಪ್ಪ ಅವನ್ನೇ ನೋಡಿದ. ನೋಡುತ್ತಿದ್ದಾನೆಂದು ಭೀಮರಾಯರಿಗೆ ತಿಳಿಯಿತು. ತುಟಿ ಮುಚ್ಚಿತು. ತಡವಾಗಿತ್ತು.

"ಈಗ ನಿಮ್ಮ ಜೋಡೀನs ಮಾತಾಡೂಣ್ರಿ," ಎಂದ ಗುಡ್ಡಪ್ಪ. "ಹಾಲಡಿ ಸಾಹೇಬ ಹದಿನೆಂಟನೂರಾ ಎಂಬತ್ತೇಳರಾಗ ಕಾಲರಾ ಬಂದ ಸತ್ತ, ಈ ಗೋರ್ಯಾಗ ಮಲಗ್ಯಾನ ಅಂತ ಕಲ್ಲಿನ ಮ್ಯಾಲೆ ಕೆತ್ತಿಸೀರಿ. ಗೋರ್ಯಾಗ ಇದ್ದಾಂವ ಸಾಹೇಬ ಅಲ್ಲ. ನಿಮ್ಮ ಮನಿ ಹಿರೇಮಗ. ಯಾರ್ರಿ ಅಂವ?"

"ನಮ್ಮ ಮನ್ಯಾಗ ಕಾಣಿಯಾದವರು ಯಾರೂ ಇಲ್ಲ."

"ವೀರಪ್ಪ ಬಂದ ನಿಮಗ ಇದನ್ನ ಹೇಳಿದ. ಮರದಿನಾ ಅವನ ತಲಿ ಒಡೀತು, ಪೆಟಗ್ಯಾನ ತಲಿ ಮಾಯಾತು. ಕೀಲಿ ನಿಮ್ಮ ಕಡೇನs ಐತಿ."

"ಕೀಲಿ ಕದಿಯಾಕ ಬರ್ತೈತಿ."

"ಹಲ್ಲ ಕದಿಯಾಕ ಬರೂದಿಲ್ರಿ."

ಭೀಮರಾಯರು ನಕ್ಕರು. ಈಗ ಹಲ್ಲು ಮುಚ್ಚುವ ಗೋಜಿಗೂ ಹೋಗಲಿಲ್ಲ. ಮಣ್ಣಿನ ಸಾಲನ್ನು ಎತ್ತಿ, ನೆಲಕ್ಕೆ ಹಾಕಿ, ಹಿಮ್ಮಡಿಯಿಂದ ಹೊಸಕಿದರು.

"ಈಗ ಹೋತು. ಏನ ತೋರಸ್ತೀ ಮಂದಿಗಿ? ಕೇರಿಯಿಂದ ಬಂದ ಮಗನs, ನಿನಗ ಆ ಸಾಹೇಬ ನೀರ ಕೊಟ್ಟ, ಸಾಲಿಗಿ ಹೋದಿ, ಪಟ್ಟಾ ಕಟ್ಟಿದಿ. ಅವನ ಹೆಸರಿಗಿ ನಾ ಕಲ್ಲ ನಿಲ್ಲಸಾಕತ್ತೇನಿ. ನಿಮ್ಮ ಮಂದಿ ಬಂದ ಹೂವಿನ ಹಾರ ಹಾಕಬೇಕಿತ್ತು. ನೀ ಅವನ ಗೋರಿ ಕೆದರಿ ಹೊಲಸ ತಗೀತಿ. ಯಾವನಿಗಿ ಹುಟ್ಟಿದ ಬುದ್ಧಿ ಇದು?"

ಆ ಮಾತು ನಾಟಿತು. ಬೈಗುಳವಲ್ಲ, ಗುಡ್ಡಪ್ಪನಿಗೆ ಬೈಗುಳ ಹೊಸದಾಗಿರಲಿಲ್ಲ. ಉಳಿದದ್ದು ನಾಟಿತು. ಮೋಟಾರಿನಲ್ಲಿ ಬರುವಾಗ ಅವನು ತನ್ನನ್ನು ಅದನ್ನೇ ಕೇಳಿಕೊಂಡಿದ್ದ. ಸಾಹೇಬನ ಕೈಗೆ ರಕ್ತವಿದ್ದರೆ, ಆ ಬಾವಿಯ ನೀರನ್ನು ನಾಳೆ ಯಾವ ಬಾಯಲ್ಲಿ ಕುಡಿಯುವುದು?

"ಸಾಹೇಬ ಒಳ್ಳೇದು ಮಾಡಿದ್ರ ಅದು ಖರೇನs ಇರ್ತೈತಿ," ಎಂದ ಕೊನೆಗೆ. "ಸುಳ್ಳ ಕಲ್ಲ ಬೇಕಾಗೂದಿಲ್ಲ. ಅಚ್ಚ ಠಾಣ್ಯಾಗ ಐತ್ರಿ ಇನಾಮದಾರ. ನೀವು ತುಳದದ್ದು ಬರೇ ಮಣ್ಣು."

ನಗು ನಿಂತಿತು.

"ಬಾಗಲಾ ಹಾಕ್ರೋ," ಎಂದರು ಭೀಮರಾಯರು.

ದೊಡ್ಡ ಬಾಗಿಲ ಎರಡೂ ಕದಗಳು ಕೂಡಿಕೊಂಡವು. ಅಗಳಿ ಬಿದ್ದ ಸದ್ದು ಅಂಗಳದಲ್ಲೆಲ್ಲ ಹರಡಿತು. ಬಡಿಗೆಯವರಲ್ಲಿ ಒಬ್ಬ ಗುಡ್ಡಪ್ಪನ ಎಡಕ್ಕೆ, ಇನ್ನೊಬ್ಬ ಬೆನ್ನ ಹಿಂದಕ್ಕೆ ಸರಿದ. ವೀರಪ್ಪನಿಗೂ ಪೆಟ್ಟು ಬಿದ್ದದ್ದು ಹಿಂದಿನಿಂದ. ಗುಡ್ಡಪ್ಪ ಕಂಬಕ್ಕೆ ಬೆನ್ನು ಕೊಟ್ಟು ನಿಂತು ಸೊಂಟದ ಪಿಸ್ತೂಲಿನ ಗುಂಡಿ ಬಿಚ್ಚಿದ.

"ಒಂದ ಹೆಜ್ಜಿ ಮುಂದ ಬಂದ್ರ ಹೊಡೀತೇನಿ. ಖರೇನs ಹೊಡೀತೇನಿ."

ಆಳುಗಳು ಧಣಿಯ ಮುಖ ನೋಡಿದರು. ಧಣಿ ಬಾಯಿ ತೆರೆದರು.

"ಭೀಮಾ."

ಪಡಸಾಲೆಯ ಬಾಗಿಲಲ್ಲಿ ಬಿಳಿ ಸೀರೆಯ ಮುದುಕಿಯೊಬ್ಬಳು ನಿಂತಿದ್ದಳು. ಕಣ್ಣಿಗೆ ಪೊರೆ ಬಂದಿತ್ತು. ಒಂದು ಕೈ ಗೋಡೆಯ ಮೇಲಿತ್ತು. ಭೀಮರಾಯರ ತಾಯಿ ಸೀತವ್ವ. ಅವಳು ಹೊರಗೆ ಬರುವುದನ್ನು ಊರವರು ನೋಡಿ ಎಷ್ಟೋ ಕಾಲವಾಗಿತ್ತು.

"ಯಾರನ್ನ ಹೊಡೀತೀಯೋ? ಸತ್ತೆಪ್ಪನ್ನ ಹೊಡದಿ. ಆ ಗೊಂಬಿ ಮಾಡಾಂವ ನಿನ್ನ ಅಂಗಳಕ್ಕ ಬಂದ ಅತ್ತ, ಅವಗೇನಾತು?"

"ಅವ್ವಾ, ಒಳಗ ನಡೀ. ನಿನಗ ತಿಳಿಯೂದಿಲ್ಲ."

"ನನಗ ತಿಳೀಲಾರದ್ದು ಈ ಮನ್ಯಾಗ ಏನೈತಿ? ಒಂಬತ್ತ ವರ್ಷದಾಕಿ ಬಂದೇನಿ." ಗೋಡೆ ಹಿಡಿದು ಒಂದೊಂದೇ ಹೆಜ್ಜೆ ಇಡುತ್ತ ಅವಳು ಕಟ್ಟೆಯ ಅಂಚಿಗೆ ಬಂದಳು. ಪೊರೆ ಬಂದ ಕಣ್ಣುಗಳು ಗುಡ್ಡಪ್ಪನ ದನಿ ಬಂದ ದಿಕ್ಕಿಗೆ ತಿರುಗಿದವು. "ಫೌಜದಾರ ಅನ್ನಾಂವ ನೀನೇನಪ್ಪಾ?"

"ಹೌದ್ರಿ ಅವ್ವಾರ."

"ಹಾಲಡಿ ಸಾಹೇಬ ಯಾವ ಸಾಲಿನ್ಯಾಗ ಸತ್ತಾನಂತ ಬರಸ್ಯಾರಪ್ಪಾ ಕಲ್ಲಿನ ಮ್ಯಾಲೆ?"

"ಎಂಬತ್ತೇಳರಾಗ್ರಿ."

"ನನ್ನ ಮದಿವಿ ಆದದ್ದು ಅದಾದ ಮ್ಯಾಲೆ ಆರನೇ ವರ್ಷಕ್ಕ."

ಭೀಮರಾಯರು ಧಾವಿಸಿ ಅವಳ ತೋಳು ಹಿಡಿದರು. ಸೀತವ್ವ ಕೊಸರಲಿಲ್ಲ, ದನಿಯನ್ನೂ ಏರಿಸಲಿಲ್ಲ.

"ಬೀಗರೆಲ್ಲಾ ಊರಿಗಿ ಹೋದ ಮ್ಯಾಲೆ ನಮ್ಮತ್ತಿ ನನ್ನ ಹಿತ್ತಲ ಕೋಣಿಗಿ ಕರಕೊಂಡ ಹೋದಳು. ಒಬ್ಬಾಂವ ಕುರ್ಚೆದ ಮ್ಯಾಲೆ ಕುಂತಿದ್ದ. ಬಗ್ಗಿ ಕಾಲ ಮುಟ್ಟಂದಳು. ಬೆಳ್ಳನ್ನ ಕಾಲಪ್ಪಾ, ಹಾಲಿನಂಥಾವು. ಕಣ್ಣ ನಮ್ಮ ಭೀಮಾನ ಕಣ್ಣಿನಂಗ ಬೂದು. ಇವ್ರು ನಿನ್ನ ಮಾವನವ್ರು, ಹೊರಗ ಯಾರ ಮುಂದೂ ಅನಬ್ಯಾಡ ಅಂದಳು. ಇವತ್ತಿನತನಕಾ ಅಂದಿಲ್ಲ."